ಮನಸ್ಸಿನ ವಿಜ್ಞಾನಕ್ಕೂ ಈ ಊರಿನ ಯುವಜನ ಬೇಕು

ನರಿಮೊಗರಿನ, ಪುರುಷರಕಟ್ಟೆಯ, ಸವಣೂರು ಕಾಣಿಯೂರಿನ ತರುಣ ತರುಣಿಯರೇ, ಯಾರಿಗೋ ರಕ್ತ ಬೇಕಂತೆ ಎಂದು ಮೊಬೈಲಿಗೆ ಒಂದು ಸಂದೇಶ ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಪುತ್ತೂರಿಗೆ ಬೈಕು ಓಡಿಸುವವರು ನೀವು. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದರೆ ಇಲಾಖೆಯವರನ್ನು ಕಾಯದೆ ಕಡಿದು ದಾರಿ ಬಿಡಿಸುವವರು ನೀವು. ಶಾಲೆಯ ಶ್ರಮದಾನಕ್ಕೆ, ಜಾತ್ರೆಯ ಸ್ವಯಂಸೇವೆಗೆ, ಬಡವರ ಮನೆಯ ಮಾಡು ಕಟ್ಟುವುದಕ್ಕೆ ಕರೆಯುವ ಮೊದಲೇ ಬಂದು ನಿಲ್ಲುವವರು ನೀವು. ಕೊಡುವುದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಒಂದನ್ನು ಇದುವರೆಗೆ ಯಾರೂ ನಿಮ್ಮಲ್ಲಿ ಕೇಳಿಲ್ಲ. ಇವತ್ತು ನಾನು ಕೇಳುತ್ತೇನೆ. ಖಿನ್ನತೆ ಮತ್ತು ಅದರ ಚಿಕಿತ್ಸೆಯ ಬಗ್ಗೆ ನಡೆಯುವ ಸಂಶೋಧನೆಗೆ ಸ್ವಯಂಸೇವಕರಾಗಿ ಬರುತ್ತೀರಾ?

ಖಿನ್ನತೆ ನಮ್ಮ ಮನೆಗಳಿಗೆ ಹೊಸ ಅತಿಥಿಯಲ್ಲ. ಮಂಡೆಬೆಚ್ಚ ಎಂದೆವು, ಉದಾಸೀನ ಎಂದೆವು, ಗ್ರಹಚಾರ ಎಂದೆವು, ಪ್ರಶ್ನೆ ಇಟ್ಟೆವು, ಹರಕೆ ಹೇಳಿದೆವು. ತಿಂಗಳುಗಟ್ಟಲೆ ನಿದ್ದೆ ಇಲ್ಲದೆ, ಉಣ್ಣುವ ಮನಸ್ಸಿಲ್ಲದೆ, ಯಾರ ಮುಖ ನೋಡುವ ಉತ್ಸಾಹವೂ ಇಲ್ಲದೆ ಒಳಕೋಣೆಯಲ್ಲಿ ಮಲಗಿದವರನ್ನು ಸೋಮಾರಿ ಎಂದು ಬೈದೆವು. ಎಷ್ಟು ಜನರನ್ನು ಹಾಗೆ ಕಳೆದುಕೊಂಡೆವು? ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 12 ರಾಜ್ಯಗಳಲ್ಲಿ ಮೂವತ್ತನಾಲ್ಕು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಮಾತಾಡಿಸಿ, ಇಪ್ಪತ್ತರಲ್ಲಿ ಒಬ್ಬರಿಗೆ ಬದುಕಿನಲ್ಲಿ ಎಂದಾದರೂ ಖಿನ್ನತೆ ಬಂದಿದೆ ಎಂದು ಹೇಳಿತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಮತ್ತೊಂದು ವಿಷಯ ಗಮನಿಸಿ: ಆ 12 ರಾಜ್ಯಗಳಲ್ಲಿ ಕರ್ನಾಟಕವಿರಲಿಲ್ಲ. ಸಮೀಕ್ಷೆಯ ಮುಂದಾಳುಗಳು ಬೆಂಗಳೂರಿನವರು, ಪೂರ್ವಭಾವಿ ಪರೀಕ್ಷೆ ನಡೆದದ್ದು ಕೋಲಾರದಲ್ಲಿ. ಮುಖ್ಯ ಲೆಕ್ಕದಲ್ಲಿ ಮಾತ್ರ ನಾವಿಲ್ಲ.

ಬೆಳೆಯ ಲೆಕ್ಕದಲ್ಲಿ ಹಾಗಲ್ಲ. ಗೇರುಮರವನ್ನು ಅರಿಯಲು ನಮ್ಮ ಮೊಟ್ಟೆತ್ತಡ್ಕದಲ್ಲಿ ರಾಷ್ಟ್ರಮಟ್ಟದ ಸಂಸ್ಥೆ ಇದೆ. ಅಡಿಕೆಯ ಮೇಲೆ ವಿಟ್ಲದಲ್ಲಿ ದಶಕಗಳ ಸಂಶೋಧನೆ ನಡೆದಿದೆ. ಸಂಪಾಜೆ, ಅರಂತೋಡಿನ ಕೃಷಿಕರು ಹಳದಿ ಎಲೆ ರೋಗ ಬಂದ ತೋಟಗಳನ್ನು ವಿಜ್ಞಾನಿಗಳಿಗೆ ತೆರೆದಿಟ್ಟಿದ್ದಾರೆ. ಮರ ಬಾಡಿದರೆ ಅದನ್ನು ಮುಚ್ಚಿಡುವ ಕೃಷಿಕ ನಮ್ಮಲ್ಲಿ ಒಬ್ಬನೂ ಇಲ್ಲ. ಮಗ ಬಾಡಿದರೆ ಬಾಗಿಲು ಹಾಕುತ್ತೇವೆ. ಇದು ಎಷ್ಟು ಕಾಲ?

ಇದೇ ಕರಾವಳಿ ಒಮ್ಮೆ ಬಾಗಿಲು ತೆರೆದಿತ್ತು. ಬಾಗಿಲು ತೆರೆದದ್ದು ಶಿವರಾಮ ಕಾರಂತರು ಹುಟ್ಟಿದ ಕೋಟ ಗ್ರಾಮ. ಅಲ್ಲಿಂದ ಬಂದು ಅವರು ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ಬದುಕಿದ್ದನ್ನು ನೀವು ಬಲ್ಲಿರಿ. ಮನೋವೈದ್ಯರಾದ ಆರ್.ಎಲ್. ಕಪೂರ್ ಮತ್ತು ಜಿ.ಎಂ. ಕಾರ್‌ಸ್ಟೇರ್ಸ್ ಅದೇ ಕೋಟದಲ್ಲಿ ಬ್ರಾಹ್ಮಣರ, ಬಂಟರ, ಮೊಗವೀರರ ಮನೆಗಳಿಗೆ ತಮ್ಮ ತಂಡವನ್ನು ಕಳುಹಿಸಿ ಜನರ ದುಃಖ, ದುಗುಡ, ನಿದ್ದೆ, ಭಯ ಎಲ್ಲವನ್ನೂ ಕೇಳಿ ಬರೆದುಕೊಂಡರು. ಕಪೂರರು ಊರಿನ ವೈದ್ಯರನ್ನು, ಮಂತ್ರವಾದಿಗಳನ್ನು, ಪಾತ್ರಿಗಳನ್ನೂ ಅಷ್ಟೇ ಗೌರವದಿಂದ ವಿಚಾರಿಸಿದರು. ಆ ಅಧ್ಯಯನ 1976ರಲ್ಲಿ ‘ದಿ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಪುಸ್ತಕವಾಗಿ ಜಗತ್ತಿನ ಮುಂದೆ ಬಂತು. ಭಾರತದ ಹಳ್ಳಿಯ ಮನಸ್ಸನ್ನು ಅರಿಯಲು ವಿದ್ವಾಂಸರು ಇಂದಿಗೂ ತೆರೆಯುವ ಪುಸ್ತಕ ಅದು. ಕಪೂರರು ನಿಮ್ಹಾನ್ಸಿಗೆ ಹೋದರು. ಹಳ್ಳಿಗೇ ಮನೋಚಿಕಿತ್ಸೆ ತಲುಪಿಸುವ ಪ್ರಯತ್ನಗಳು ಅಲ್ಲಿ ಬೆಳೆದವು. ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಷ್ಟಕ್ಕೆಲ್ಲ ಕೋಟದ ಜನ ಕೊಟ್ಟದ್ದೇನು? ಜಗಲಿಯಲ್ಲಿ ಕೂತು ನಿಜ ಹೇಳಿದರು.

ಇನ್ನೂ ಹತ್ತಿರ ಬನ್ನಿ. ನಮ್ಮ ಪಾಣಾಜೆಯ ಗಡಿ ದಾಟಿದರೆ ಕಾಸರಗೋಡಿನ ಪಡ್ರೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು. ಮಕ್ಕಳು ರೋಗಿಗಳಾಗಿ ಹುಟ್ಟುತ್ತಿದ್ದಾರೆ ಎಂದು ಊರವರು ಕೂಗಿ ಹೇಳಿದರೆ ಸಾಕ್ಷಿ ಎಲ್ಲಿ ಎಂದು ಕೇಳುವವರಿದ್ದರು. ಆಗ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಬಂದು 117 ಶಾಲಾ ಹುಡುಗರನ್ನು ಪರೀಕ್ಷಿಸಿದರು, ಅವರಲ್ಲಿ ಹಲವರ ರಕ್ತ ತೆಗೆದರು. ವಿಷ ಬೀಳದ ಬೇರೆ ಊರಿನ 90 ಹುಡುಗರನ್ನೂ ಹೋಲಿಕೆಗಾಗಿ ಪರೀಕ್ಷಿಸಿದರು. ಆ 90 ಹುಡುಗರ ಬಗ್ಗೆ ಯೋಚಿಸಿ! ಅವರಿಗೆ ಆ ವಿಷದ ಬಾಧೆಯಿರಲಿಲ್ಲ, ಯಾವ ಲಾಭವೂ ಇರಲಿಲ್ಲ. ಆದರೆ ಅವರು ತೋಳು ಚಾಚದೆ ಇದ್ದಿದ್ದರೆ ಪಡ್ರೆಯ ಮಕ್ಕಳ ನೋವು ವಿಜ್ಞಾನದ ಮಾತಾಗುತ್ತಿರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಯಿತು. ಆರೋಗ್ಯವಂತರೂ ಬೇಕು, ಗೆಳೆಯರೇ. ಖಿನ್ನತೆಯ ಸಂಶೋಧನೆಗೂ ಬೇಕು. ಬಳಲಿದ ಮನಸ್ಸು ಏನೆಂದು ತಿಳಿಯಲು ಬಳಲದ ಮನಸ್ಸನ್ನೂ ನೋಡಬೇಕು. ನಮಗೇನೂ ಆಗಿಲ್ಲವಲ್ಲ ಎಂದು ನೀವು ಹಿಂದೆ ಸರಿಯುವಂತಿಲ್ಲ.

ಇದರಿಂದ ಫಲ ಬರುತ್ತದೆಯೇ ಎಂದು ಕೇಳುತ್ತೀರಿ. ನೆರೆಯ ಗೋವಾವನ್ನು ನೋಡಿ. ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯಿದ್ದ 495 ಮಂದಿ ಒಂದು ಅಧ್ಯಯನಕ್ಕೆ ಒಪ್ಪಿದರು. ಅರ್ಧದಷ್ಟು ಜನರಿಗೆ ಆರೋಗ್ಯ ಕೇಂದ್ರದ ಎಂದಿನ ಚಿಕಿತ್ಸೆಯನ್ನೇ ತುಸು ಸುಧಾರಿಸಿ ಕೊಟ್ಟರು. ಉಳಿದವರಿಗೆ ಅದರ ಜೊತೆಗೆ, ಡಾಕ್ಟರರಲ್ಲದ, ತರಬೇತಿ ಪಡೆದ ಸಾಮಾನ್ಯ ಜನರು ಆರೆಂಟು ಬಾರಿ ಕೂತು ಮಾತಾಡಿಸಿದರು, ದಿನದ ಸಣ್ಣ ಸಣ್ಣ ಕೆಲಸಗಳಿಗೆ ಮತ್ತೆ ಕೈಹಿಡಿದು ಕರೆತಂದರು. ಮೂರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ ಶೇ. 39ರಷ್ಟು ಜನ ಖಿನ್ನತೆಯಿಂದ ಹೊರಬಂದಿದ್ದರು, ಎರಡನೆಯ ಗುಂಪಿನಲ್ಲಿ ಶೇ. 64. ಇದು 2017ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮನೋವೈದ್ಯರು ಬೆರಳೆಣಿಕೆಯಷ್ಟಿರುವ ಊರುಗಳಿಗೆ ಇದಕ್ಕಿಂತ ದೊಡ್ಡ ಸುದ್ದಿ ಯಾವುದಿದೆ? ಇಲ್ಲಿನ ಆಶಾ ಕಾರ್ಯಕರ್ತೆ, ಇಲ್ಲಿನ ಪದವೀಧರ ಹುಡುಗಿ ಆ ಕೆಲಸ ಮಾಡಲಾರಳೇ? ನಮ್ಮದೇ ರಾಜ್ಯದ ಆಗಿನ ರಾಮನಗರ ಜಿಲ್ಲೆಯಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಇಂಥ ಪ್ರಯೋಗ ನಡೆಸಿದೆ. ಯೋಗದಿಂದ ಖಿನ್ನತೆ ಇಳಿಯುತ್ತದೆಯೇ ಎಂದು ನಿಮ್ಹಾನ್ಸ್ ರೋಗಿಗಳ ರಕ್ತ ಪರೀಕ್ಷಿಸಿ ನೋಡಿದೆ. ನಮ್ಮ ತಾಲೂಕಿನ ಮಕ್ಕಳು ಆ ಸಾಲಿನಲ್ಲಿ ಯಾವಾಗ ನಿಲ್ಲುವುದು?

ಹೆದರಿಕೆ ಇದೆ, ನನಗೆ ಗೊತ್ತು. ನಮ್ಮನ್ನು ಪ್ರಯೋಗದ ಇಲಿ ಮಾಡುತ್ತಾರೆ, ಹೆಸರು ಹೊರಗೆ ಬಂದರೆ ಮದುವೆ ಸಂಬಂಧ ತಪ್ಪುತ್ತದೆ ಎಂಬ ಮಾತು ನಮ್ಮ ಚಾವಡಿಗಳಲ್ಲಿ ಕೇಳುತ್ತದೆ. ಹೆದರುವವರನ್ನು ನಾನು ಹಳಿಯುವುದಿಲ್ಲ. ತಿಳಿದು ಬನ್ನಿ ಎನ್ನುತ್ತೇನೆ. ಅಧ್ಯಯನ ಏಕೆ, ಏನು ಮಾಡುತ್ತಾರೆ, ಅಪಾಯವೇನು, ನಿಮ್ಮ ಹೆಸರು ಹೇಗೆ ಗುಟ್ಟಾಗಿರುತ್ತದೆ ಎಂಬುದನ್ನೆಲ್ಲ ನಿಮಗೆ ತಿಳಿಯುವ ಭಾಷೆಯಲ್ಲಿ ಬರೆದ ಹಾಳೆ ನಿಮ್ಮ ಕೈಗೆ ಬರಬೇಕು. ಓದಿ, ಕೇಳಿ, ಮನೆಗೆ ಒಯ್ದು ಯೋಚಿಸಿ, ಆಮೇಲೆ ಸಹಿ ಹಾಕಿ. ಹದಿನೆಂಟು ತುಂಬದವರಿಗೆ ಹೆತ್ತವರ ಒಪ್ಪಿಗೆ ಬೇಕು. ನೈತಿಕ ಸಮಿತಿಯ ಅನುಮತಿ ಇದೆಯೇ ಎಂದು ಕೇಳಿ. ಔಷಧ ಅಥವಾ ಚಿಕಿತ್ಸೆಯ ಪ್ರಯೋಗವಾದರೆ 2007ರಲ್ಲಿ ಶುರುವಾದ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಅದರ ನೋಂದಣಿ ಸಂಖ್ಯೆ ಹುಡುಕಿ. ಹೊಸ ಔಷಧದ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆಗೂ ಪರಿಹಾರಕ್ಕೂ 2019ರ ನಿಯಮಗಳಲ್ಲಿ ಅವಕಾಶವಿದೆ. ಮಾನಸಿಕ ಕಾಯಿಲೆಯಿರುವವರನ್ನು ಅವರ ಸ್ವಇಚ್ಛೆಯ ಒಪ್ಪಿಗೆ ಪಡೆದೇ ಸಂಶೋಧನೆಗೆ ಸೇರಿಸಬೇಕು ಎಂದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಹೇಳುತ್ತದೆ. ನಡುವೆ ಬೇಡವೆನಿಸಿದರೆ ಕಾರಣ ಹೇಳದೆ ಎದ್ದು ಬರಬಹುದು. ಅದರಿಂದ ನಿಮ್ಮ ಚಿಕಿತ್ಸೆ ನಿಲ್ಲಬಾರದು. ಇವನ್ನೆಲ್ಲ ಕೇಳಿದಾಗ ಮುಖ ಸಿಂಡರಿಸುವವರು ಇದ್ದರೆ ಆ ಅಧ್ಯಯನಕ್ಕೆ ಸೇರಬೇಡಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಈಗಾಗಲೇ ಮಾತ್ರೆ ನುಂಗುತ್ತಿರುವವರು ಸಂಶೋಧನೆಯ ಹುಮ್ಮಸ್ಸಿನಲ್ಲಿ ಅದನ್ನು ನಿಲ್ಲಿಸಬೇಡಿ, ನಿಮ್ಮ ಡಾಕ್ಟರರನ್ನು ಕೇಳದೆ ಯಾವುದಕ್ಕೂ ಸೇರಬೇಡಿ. ಬದುಕೇ ಬೇಡವೆನಿಸುತ್ತಿದ್ದರೆ ಸಂಶೋಧನೆ ಕಾಯುತ್ತದೆ. ಮೊದಲು 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಸಹಾಯವಾಣಿಯಲ್ಲಿ ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುವವರಿದ್ದಾರೆ. ಮೊದಲು ನೀವು ಉಳಿಯಬೇಕು.

ಮಿಕ್ಕವರೇ, ಎದ್ದೇಳಿ. ಸುಳ್ಯದಲ್ಲಿ ವೈದ್ಯಕೀಯ ಕಾಲೇಜಿದೆ, ದೇರಳಕಟ್ಟೆಯಲ್ಲಿದೆ, ಮಂಗಳೂರಿನಲ್ಲಿದೆ, ಮಣಿಪಾಲದಲ್ಲಿದೆ. ಮನೋವೈದ್ಯ ವಿಭಾಗಗಳಿಗೆ ಹೋಗಿ, ನಾವು ಬಂದಿದ್ದೇವೆ, ನಿಮ್ಮ ಅಧ್ಯಯನಗಳಲ್ಲಿ ನಮಗೆ ಜಾಗವಿದೆಯೇ ಎಂದು ಕೇಳಿ. ಪ್ರಶ್ನಾವಳಿಯನ್ನು ತುಳುವಿಗೆ, ಅರೆಭಾಷೆಗೆ, ಬ್ಯಾರಿಗೆ ತರಲು ನೆರವಾಗುತ್ತೇವೆ ಎನ್ನಿ. ಅಜ್ಜಿಯಂದಿರ ದುಃಖ ಪುಸ್ತಕದ ಕನ್ನಡದಲ್ಲಿ ಬಾಯಿಗೆ ಬರುವುದಿಲ್ಲ. ಅಕ್ಟೋಬರ್ 10 ಬಾಲವನದಲ್ಲಿ ಕಾರಂತರ ಹುಟ್ಟುಹಬ್ಬ. ವಿಶ್ವ ಮಾನಸಿಕ ಆರೋಗ್ಯ ದಿನವೂ ಅದೇ. ಪುತ್ತೂರು, ಕಡಬ, ಸುಳ್ಯದ ಪ್ರತಿಯೊಂದು ಯುವಕ ಮಂಡಲ, ಯುವತಿ ಮಂಡಲ ಆ ದಿನ ಒಬ್ಬ ಮನೋವೈದ್ಯರನ್ನು ಊರಿಗೆ ಕರೆಸಲಿ. ಅವರೆದುರು ಮೊದಲು ಕೈ ಎತ್ತುವವರು ನರಿಮೊಗರಿನವರಾಗಲಿ.