ಬಾಡಿಗೆ ಲೇಟಾದ್ರೆ ಮೇನ್ ಸ್ವಿಚ್ ಮುಟ್ಟಬೇಡಿ

ಇವತ್ತು ಬಾಡಿಗೆ ಮನೆ ಬಗ್ಗೆ ಮಾತಾಡೋಣ. ಆದ್ರೆ ಈ ಸಲ ಬಾಡಿಗೆ ಕಟ್ಟೋರ ಕಡೆಯಿಂದ ಅಲ್ಲ, ಓನರ್ ಕಡೆಯಿಂದ. ಬೈಯೋದಕ್ಕೆ ಮುಂಚೆ ಕಾರಣ ಕೇಳಿ.

ಇದನ್ನ ಕೇಳ್ತಿರೋರಲ್ಲಿ ಬಿಟಿಎಂ ಲೇಔಟ್‌ನ ಸಿಂಗಲ್ ರೂಮಲ್ಲಿ ಇರೋರು ಇದ್ದೀರಿ, ಗೊತ್ತು. ಆದ್ರೆ ಜಯನಗರ, ಬನಶಂಕರಿ, ಜೆ.ಪಿ. ನಗರದ ಓನರ್ ಮಕ್ಕಳೂ ಇದ್ದೀರಿ. ಅಪ್ಪ ರಿಟೈರ್ ಆಗಿದ್ದಾರೆ, ಕೆಳಗಡೆ ಅಪ್ಪ ಅಮ್ಮ, ಮೇಲೆ ಒಂದೋ ಎರಡೋ ಮನೆ ಬಾಡಿಗೆಗೆ. ಐದನೇ ತಾರೀಖು ದಾಟಿದ ಕೂಡ್ಲೆ ಅಮ್ಮ ಶುರು ಮಾಡ್ತಾರೆ: "ಫಸ್ಟ್ ಫ್ಲೋರ್‌ನೋರು ಇನ್ನೂ ದುಡ್ಡು ಹಾಕಿಲ್ಲ ಕಣೋ, ಒಂದು ಮೆಸೇಜ್ ಹಾಕು." ಮೊದಲು ಅಪ್ಪ ಮೆಟ್ಟಿಲು ಹತ್ತಿ ಹೋಗಿ ಬಾಗಿಲು ತಟ್ತಿದ್ರು. ಈಗ ಆ ಕೆಲಸ ನಿಮ್ಮ ವಾಟ್ಸಾಪ್‌ಗೆ ಬಂದಿದೆ. ಆ ಮೆಸೇಜ್‌ನಲ್ಲಿ ಏನು ಬರೀತೀರಿ, ಯಾವಾಗ ಕಳಿಸ್ತೀರಿ ಅನ್ನೋದರ ಮೇಲೆ ಮುಂದಿನ ಆರು ತಿಂಗಳು ಹೇಗಿರುತ್ತೆ ಅನ್ನೋದು ನಿಂತಿದೆ.

ಮೊದಲು ಒಂದು ವ್ಯತ್ಯಾಸ. ತಾರೀಖು ತಪ್ಪೋ ಬಾಡಿಗೆ ಬೇರೆ, ತಿಂಗಳು ತಪ್ಪೋ ಬಾಡಿಗೆ ಬೇರೆ. ನಮ್ಮಲ್ಲಿ ಬಹಳ ಓನರ್‌ಗಳು ಇವೆರಡನ್ನೂ ಒಂದೇ ಅಂದ್ಕೊಂಡು ಮೊದಲನೇದಕ್ಕೆ ಕೂಗಾಡ್ತಾರೆ, ಎರಡನೇದು ಬಂದಾಗ ಸುಸ್ತಾಗಿ ಕೂತಿರ್ತಾರೆ.

ತಾರೀಖು ತಪ್ಪೋದು ಅಂದ್ರೆ ಏನು? ಅಗ್ರಿಮೆಂಟಲ್ಲಿ 1ನೇ ತಾರೀಖು ಅಂತ ಇದೆ, ಅವರು ಪ್ರತಿ ತಿಂಗಳೂ 8ಕ್ಕೆ ಹಾಕ್ತಾರೆ. ಸಂಬಳದ ಕಾನೂನು ನೋಡಿ. ಚಿಕ್ಕ ಕಂಪನಿಗಳಿಗೆ ತಿಂಗಳ ಸಂಬಳ ಕೊಡೋಕೆ ಮುಂದಿನ ತಿಂಗಳ 7ನೇ ತಾರೀಖಿನವರೆಗೂ ಟೈಮ್ ಇದೆ. ಕಂಪನಿ 7ಕ್ಕೆ ಸಂಬಳ ಹಾಕಿದ್ರೆ ಅದು ಕಾನೂನು ಪ್ರಕಾರ ಸರಿ, ಅದೇ ಹುಡುಗ 8ಕ್ಕೆ ಬಾಡಿಗೆ ಹಾಕಿದ್ರೆ ಅವನು ಬೇಜವಾಬ್ದಾರಿ! ಇದು ಅವನ ಗುಣದ ಸಮಸ್ಯೆ ಅಲ್ಲ, ಕ್ಯಾಲೆಂಡರ್ ಸಮಸ್ಯೆ. ಮನೆ ಕೊಡೋವಾಗಲೇ "ಸಂಬಳ ಯಾವಾಗ ಬರುತ್ತೆ?" ಅಂತ ಕೇಳಿ, ಅದಾದ ಎರಡು ಮೂರು ದಿನಕ್ಕೆ ಬಾಡಿಗೆ ತಾರೀಖು ಇಟ್ಟುಬಿಡಿ. ನಿಮ್ಮ ಹೋಮ್ ಲೋನ್ ಇಎಂಐ 5ಕ್ಕೆ ಕಟ್ ಆಗುತ್ತೆ ಅಂದ್ರೆ, ಅದನ್ನೂ ಅವತ್ತೇ ಬಾಯಿಬಿಟ್ಟು ಹೇಳಿ. ಕೆಲವು ಮನೆಗಳಲ್ಲಿ ಶುಕ್ರವಾರ ಲಕ್ಷ್ಮೀನ ಆಚೆ ಕಳಿಸಲ್ಲ. ಐದನೇ ತಾರೀಖು ಶುಕ್ರವಾರ ಬಂದ್ರೆ ದುಡ್ಡು ಶನಿವಾರ ಬರುತ್ತೆ. ನಿಮ್ಮನೇಲೂ ಅದೇ ಪದ್ಧತಿ ಇರುತ್ತೆ, ಅದಕ್ಕೆ ಜಗಳ ಆಡಬೇಡಿ.

ತಿಂಗಳು ತಪ್ಪೋದು ಹಾಗಲ್ಲ. ಕೆಲಸ ಹೋಗಿದೆ, ಮನೇಲಿ ಯಾರಿಗೋ ಆಪರೇಷನ್, ಇಲ್ಲಾ ಸುಮ್ನೆ "ಅಡ್ವಾನ್ಸ್‌ನಲ್ಲಿ ಕಟ್ ಮಾಡ್ಕೊಳ್ಳಿ ಆಂಟಿ" ಅನ್ನೋ ಧೋರಣೆ. ಇಲ್ಲಿ ಅಡ್ವಾನ್ಸ್ ಲೆಕ್ಕ ಕೂತು ಹಾಕಬೇಕು.

ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಅನ್ನೋದು ಹಳೇ ಪದ್ಧತಿ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡೇ ತಿಂಗಳು ಅಂತ ಬರೆದಿದ್ರೂ, ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಅಷ್ಟೇ. ಈಗ ಐದು ಆರು ತಿಂಗಳಿಗೆ ಒಪ್ಪೋ ಓನರ್‌ಗಳೂ ಇದ್ದಾರೆ. ಸರಿ, ಉದಾಹರಣೆಗೆ ಬನಶಂಕರಿಯಲ್ಲಿ 20,000 ರೂಪಾಯಿ ಬಾಡಿಗೆಯ ಒಂದು ಮನೆ, ಐದು ತಿಂಗಳ ಅಡ್ವಾನ್ಸ್ ಅಂದ್ರೆ 1 ಲಕ್ಷ ನಿಮ್ಮ ಹತ್ರ ಇದೆ. ಎರಡು ತಿಂಗಳು ಬಾಡಿಗೆ ಬರಲಿಲ್ಲ, 40,000 ಹೋಯ್ತು. ಖಾಲಿ ಮಾಡೋವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಹಿಡ್ಕೋತೀರಿ, ಅದು 20,000. ಇನ್ನು ಉಳಿದಿದ್ದು 40,000, ಅಂದ್ರೆ ಎರಡೇ ತಿಂಗಳು. ಅಷ್ಟರೊಳಗೆ ನೋಟಿಸ್ ಕೊಡಬೇಕು, ಅವರು ಬೇರೆ ಮನೆ ನೋಡ್ಕೋಬೇಕು, ಸಾಮಾನು ಸಾಗಿಸಬೇಕು.

ಹಾಗಾಗಿ ಎರಡನೇ ತಿಂಗಳ ಬಾಡಿಗೆ ತಪ್ಪಿದ ವಾರದಲ್ಲೇ ಕೂತು ಮಾತಾಡಿ ತೀರ್ಮಾನಕ್ಕೆ ಬರಬೇಕು. ಅದಕ್ಕೂ ಮುಂಚೆ ಗಾಬರಿ ಬೇಡ, ಅಡ್ವಾನ್ಸ್ ನಿಮ್ಮ ಕೈಲೇ ಇದೆ. ಅದಾದ್ಮೇಲೆ ದಾಕ್ಷಿಣ್ಯ ಬೇಡ, ಅಡ್ವಾನ್ಸ್ ಕರಗ್ತಾ ಇದೆ. ನಮ್ಮೋರು ಮಾಡೋದು ಉಲ್ಟಾ. ಮೊದಲನೇ ವಾರ ದಿನಕ್ಕೆ ಮೂರು ಫೋನ್, ಐದನೇ ತಿಂಗಳು "ಪಾಪ, ಒಳ್ಳೇ ಜನ, ಹೇಗೆ ಹೇಳೋದು".

ಮೆಸೇಜ್ ಹೇಗಿರಬೇಕು? ಜಯನಗರದ ಮನೆಗಳಲ್ಲಿ ಕೆಳಗೆ ಓನರ್, ಮೇಲೆ ಬಾಡಿಗೆ. ದಿನಾ ಗೇಟ್ ಹತ್ರ ಮುಖ ನೋಡಬೇಕು, ಗೌರಿ ಹಬ್ಬಕ್ಕೆ ಬಾಗಿನ ಕೊಟ್ಟು ತಗೊಂಡಿರ್ತಾರೆ. ಅಂಥ ಕಡೆ ಅಮ್ಮನ ಕೈಲಿ ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿಸಬೇಡಿ. ಪಕ್ಕದ ಮನೆಯವರ ಮುಂದೆ ಕೇಳಬೇಡಿ, ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಹಾಕೋ ಯೋಚನೇನೂ ಬೇಡ. ಅವರೊಬ್ಬರಿಗೇ, ಸುಮಾರು ಹೀಗೆ ಬರೀರಿ:

"ನಮಸ್ತೆ. ಜೂನ್ ತಿಂಗಳ ಬಾಡಿಗೆ 20,000 ರೂಪಾಯಿ ಇನ್ನೂ ಬಂದಿಲ್ಲ. ಏನಾದ್ರೂ ತೊಂದರೆ ಇದ್ದರೆ ತಿಳಿಸಿ. ಯಾವ ತಾರೀಖಿಗೆ ಎಷ್ಟು ಹಾಕ್ತೀರಿ ಅಂತ ಇಲ್ಲೇ ಬರೆದರೆ ನಮಗೂ ಪ್ಲ್ಯಾನ್ ಮಾಡೋಕೆ ಅನುಕೂಲ."

ಇಷ್ಟೇ. ಬೈಗುಳ ಇಲ್ಲ, "ನಮಗೇನು ದುಡ್ಡಿನ ಮರ ಇದ್ಯಾ" ಇಲ್ಲ. ತಿಂಗಳು, ಮೊತ್ತ, ತಾರೀಖು ಮೂರೂ ಬರವಣಿಗೆಯಲ್ಲಿ ಬಂತು. ಅವರು "10ಕ್ಕೆ 10,000, 25ಕ್ಕೆ 10,000" ಅಂತ ಉತ್ತರ ಕೊಟ್ರೆ ಅದೇ ನಾಳೆಯ ದಾಖಲೆ. ಕೆಲಸ ಕಳ್ಕೊಂಡಿರೋ ಹುಡುಗ ಇಂಥ ಮೆಸೇಜಿಗೆ ನಿಜ ಹೇಳ್ತಾನೆ. ಕೂಗಾಡೋ ಮೆಸೇಜಿಗೆ ಸುಳ್ಳು ಹೇಳ್ತಾನೆ, ಇಲ್ಲಾಂದ್ರೆ ಫೋನೇ ಎತ್ತಲ್ಲ. ಆಮೇಲೆ ನಿಮಗೆ ಏನು ನಡೀತಿದೆ ಅನ್ನೋದೇ ಗೊತ್ತಾಗಲ್ಲ.

ಲೇಟ್ ಫೀ ಬಗ್ಗೆ ಕೇಳ್ತಾ ಇರ್ತೀರಿ. "ದಿನಕ್ಕೆ 500 ರೂಪಾಯಿ ದಂಡ" ಅಂತ ಅಗ್ರಿಮೆಂಟಲ್ಲಿ ಬರೆಸಬಹುದು. ಆದ್ರೆ 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಬರೆದಿರೋ ಮೊತ್ತಕ್ಕೆ ಮೀರದ ಹಾಗೆ ಸಮಂಜಸ ಪರಿಹಾರ ಎಷ್ಟೋ ಅಷ್ಟೇ ಕೋರ್ಟಲ್ಲಿ ಸಿಗೋದು. ಅಂದ್ರೆ ಅದು ಹೆದರಿಸೋಕೆ ಆಗುತ್ತೆ, ವಸೂಲಿಗೆ ಅಷ್ಟಾಗಿ ಆಗಲ್ಲ. ನನ್ನ ಕೇಳಿದ್ರೆ, ಟೈಮಿಗೆ ಸರಿಯಾಗಿ ಕೊಡೋರಿಗೆ ವರ್ಷದ ಕೊನೇಲಿ ಬಾಡಿಗೆ ಸ್ವಲ್ಪ ಕಡಿಮೆ ಏರಿಸೋದು ಹೆಚ್ಚು ಕೆಲಸ ಮಾಡುತ್ತೆ.

ಈಗ ಮೇನ್ ಸ್ವಿಚ್ ವಿಷಯ. ಬಾಡಿಗೆ ಬರಲಿಲ್ಲ ಅಂತ ಕರೆಂಟ್ ತೆಗೆಯೋದು, ಟ್ಯಾಂಕಿನ ವಾಲ್ವ್ ತಿರುಗಿಸೋದು, ಅವರು ಊರಿಗೆ ಹೋದಾಗ ಬೀಗ ಬದಲಾಯಿಸೋದು. ಇದನ್ನೆಲ್ಲ "ಸ್ವಲ್ಪ ಬಿಸಿ ಮುಟ್ಟಿಸ್ತೀನಿ" ಅನ್ನೋ ಹೆಸರಲ್ಲಿ ಒಳ್ಳೇ ಮನೆತನದ ಜನಾನೇ ಮಾಡ್ತಾರೆ. 2022ರಲ್ಲಿ ಸುಪ್ರೀಂ ಕೋರ್ಟ್ ದಿಲೀಪ್ ಮತ್ತು ಸತೀಶ್ ನಡುವಿನ ಕೇಸಲ್ಲಿ ಸ್ಪಷ್ಟವಾಗಿ ಹೇಳಿದೆ: ಕರೆಂಟ್ ಮೂಲ ಸೌಕರ್ಯ, ಅದರಿಂದ ಯಾರನ್ನೂ ವಂಚಿಸೋ ಹಾಗಿಲ್ಲ, ಓನರ್ ಎನ್‌ಓಸಿ ಕೊಟ್ಟಿಲ್ಲ ಅನ್ನೋ ಕಾರಣಕ್ಕೂ ಬಾಡಿಗೆದಾರರಿಗೆ ಇಲ್ಲ ಅನ್ನೋ ಹಾಗಿಲ್ಲ. ಬೀಗ ಹಾಕಿದ್ರೆ ಇನ್ನೂ ಕಷ್ಟ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಇದೆ. ಕಾನೂನು ಕ್ರಮ ಇಲ್ಲದೆ ಆಚೆ ಹಾಕಿಸಿಕೊಂಡೋರು ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಒಳಗೆ ಬರಬಹುದು. ಆ ದಾವೆಯಲ್ಲಿ ಮನೆ ಯಾರ ಹೆಸರಲ್ಲಿದೆ ಅನ್ನೋ ಪ್ರಶ್ನೇನೇ ಬರಲ್ಲ. ಬಾಡಿಗೆ ಬಾಕಿ ಇಟ್ಟೋನು ಅವನು, ಕೋರ್ಟ್‌ನಲ್ಲಿ ಕೈಕಟ್ಟಿ ನಿಲ್ಲೋದು ನಿಮ್ಮಪ್ಪ. ಸ್ಟೇಷನ್‌ಗೆ ಹೋದ್ರೆ ಬಾಕಿ ವಸೂಲಿ ಪೊಲೀಸರ ಕೆಲಸ ಅಲ್ಲ, ಅದು ಸಿವಿಲ್ ವಿಷಯ. ಸ್ವಿಚ್ ಆಫ್ ಮಾಡಿ ಜಗಳ ಆದ್ರೆ ಮಾತ್ರ ಅವರ ಕೆಲಸ ಶುರುವಾಗುತ್ತೆ.

ಹಾಗಾದ್ರೆ ದಾರಿ ಯಾವುದು? ಇಲ್ಲೊಂದು ತಮಾಷೆ ಇದೆ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಅಂತ ಒಂದಿದೆ, ಎಲ್ಲರೂ ಅದರ ಹೆಸರು ಹೇಳ್ತಾರೆ. ಆದ್ರೆ ಬೆಂಗಳೂರಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗೆ ಅದು ಅನ್ವಯ ಆಗಲ್ಲ. ಇವತ್ತು ಜೆ.ಪಿ. ನಗರದಲ್ಲಿ 3,500ಕ್ಕೆ ಕಾರ್ ಪಾರ್ಕಿಂಗ್ ಸಿಕ್ಕಿದ್ರೆ ಪುಣ್ಯ. ಹಾಗಾಗಿ ನಮ್ಮ ನಿಮ್ಮ ಮನೆಗಳೆಲ್ಲ ಬರೋದು 1882ರ ಆಸ್ತಿ ವರ್ಗಾವಣೆ ಕಾಯ್ದೆ ಕೆಳಗೆ. ಅಲ್ಲಿ 106ನೇ ಸೆಕ್ಷನ್: ಬೇರೆ ಕರಾರು ಇಲ್ಲದಿದ್ರೆ, ತಿಂಗಳ ಲೆಕ್ಕದ ಬಾಡಿಗೆ ಮುಗಿಸೋಕೆ 15 ದಿನದ ಲಿಖಿತ ನೋಟಿಸ್. ಅದು ಅವರಿಗೆ ತಲುಪಿದ ದಿನದಿಂದ ಲೆಕ್ಕ. ಇ-ಸ್ಟಾಂಪ್ ಪೇಪರ್ ಮೇಲೆ ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡ್ಕೊಂಡಿದ್ರೆ, ಅದರಲ್ಲಿ ಎಷ್ಟು ದಿನದ ನೋಟಿಸ್ ಅಂತ ಇದೆಯೋ ಅದನ್ನ ಮೊದಲು ಓದಿ. ನೋಟಿಸ್ ವಕೀಲರ ಕೈಲಿ ಬರೆಸಿ, ಸ್ಪೀಡ್ ಪೋಸ್ಟಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಕೊಳ್ಳಿ. ಆಮೇಲೂ ಖಾಲಿ ಮಾಡಲಿಲ್ಲ ಅಂದ್ರೆ ದಾವೆ. ಬಾಕಿ ವಸೂಲಿಗೆ ಮೂರು ವರ್ಷದ ಕಾಲಮಿತಿ ಇದೆ.

ಫೋನ್‌ನಲ್ಲಿ ಬಾಡಿಗೆ ತಗೊಳ್ಳೋ ನಮ್ಮ ಕಾಲಕ್ಕೆ ಒಂದು ವಿಷಯ ಮುಖ್ಯ. ಅದೇ ಕಾಯ್ದೆಯ 113ನೇ ಸೆಕ್ಷನ್‌ನಲ್ಲಿ ಒಂದು ಉದಾಹರಣೆ ಕೊಟ್ಟಿದ್ದಾರೆ: ನೋಟಿಸ್ ಅವಧಿ ಮುಗಿದ ಮೇಲೆ ಬಾಡಿಗೆದಾರ ಆಮೇಲಿನ ಬಾಡಿಗೆ ಕೊಟ್ಟ, ಓನರ್ ತಗೊಂಡ, ಅಲ್ಲಿಗೆ ನೋಟಿಸ್ ಬಿದ್ದುಹೋಯ್ತು. ಆಗ ಕೈಗೆ ದುಡ್ಡು ಕೊಡ್ತಿದ್ರು, ಬೇಡ ಅನ್ನಬಹುದಿತ್ತು. ಈಗ ರಾತ್ರಿ ಹನ್ನೊಂದು ಗಂಟೆಗೆ ಯುಪಿಐನಲ್ಲಿ 5,000 ಬಂದು ಬೀಳುತ್ತೆ, ನೀವು ಬೇಡ ಅನ್ನೋಕೆ ಮುಂಚೆ ಅಕೌಂಟಲ್ಲಿರುತ್ತೆ. ಅಮ್ಮ ಬೆಳಿಗ್ಗೆ ಎದ್ದು ಥಂಬ್ಸ್ ಅಪ್ ಒತ್ತಿಬಿಡ್ತಾರೆ! ಅಂಥ ದುಡ್ಡು ಬಂದ ದಿನಾನೇ "ಇದನ್ನ ಹಳೇ ಬಾಕಿಗೆ ಜಮಾ ಮಾಡಿಕೊಂಡಿದ್ದೇವೆ, ಕೊಟ್ಟಿರುವ ನೋಟಿಸ್ ಹಾಗೇ ಇದೆ" ಅಂತ ಬರೆದು ಕಳಿಸಿ, ವಕೀಲರಿಗೂ ಹೇಳಿ.

ಬಾಡಿಗೆ ಕಟ್ಟೋರು ಕೇಳ್ತಿದ್ರೆ, ನಿಮಗೂ ಒಂದು ಬಾಗಿಲು ಇದೆ. 114ನೇ ಸೆಕ್ಷನ್ ಪ್ರಕಾರ, ಬಾಡಿಗೆ ಕೊಟ್ಟಿಲ್ಲ ಅನ್ನೋ ಕಾರಣಕ್ಕೆ ಕರಾರು ರದ್ದು ಮಾಡಿ ದಾವೆ ಹಾಕಿದ್ದರೆ, ವಿಚಾರಣೆ ವೇಳೆ ಬಾಕಿ, ಬಡ್ಡಿ, ಕೋರ್ಟ್ ಖರ್ಚು ಎಲ್ಲ ಕಟ್ಟಿದ್ರೆ ಕೋರ್ಟ್ ನಿಮ್ಮನ್ನ ಮನೇಲಿ ಉಳಿಸಬಹುದು. ಓನರ್‌ಗಳೂ ಇದನ್ನ ತಿಳ್ಕೊಂಡಿರಿ. ಎರಡು ವರ್ಷ ಓಡಾಡಿ ಕೊನೆಗೆ ಸಿಗೋದು ನೀವು ಮೊದಲು ಕೇಳಿದ ಬಾಕೀನೇ ಆಗಿರಬಹುದು.

ಅದಕ್ಕೇ ನಾನು ಹೇಳೋದು, ದಾವೆಗೆ ಮುಂಚೆ ಒಂದು ಲೆಕ್ಕ ಹಾಕಿ. ಆ ಬನಶಂಕರಿ ಮನೇಲಿ 40,000 ಬಾಕಿ ಇದೆ ಅಂದ್ಕೊಳ್ಳಿ. "ಒಂದು ತಿಂಗಳ ಬಾಡಿಗೆ ಬಿಟ್ಟುಬಿಡ್ತೀವಿ, ಈ ತಿಂಗಳ ಕೊನೆಗೆ ಬೀಗದ ಕೈ ಕೊಡಿ, ಉಳಿದ ಅಡ್ವಾನ್ಸ್ ಅವತ್ತೇ ಕೈಗೆ" ಅಂತ ಹೇಳಿದ್ರೆ ನಿಮಗೆ ಹೋಗೋದು 20,000. ವಕೀಲರ ಫೀಸು, ಬರದೇ ಇರೋ ಬಾಡಿಗೆ, ಅಪ್ಪನ ಬಿಪಿ ಇವುಗಳ ಮುಂದೆ ಅದು ಕಡಿಮೆ. ಕೆಲಸ ಹೋಗಿರೋ ಹುಡುಗನಿಗೂ ಇನ್ನೊಂದು ಕಡೆ ಅಡ್ವಾನ್ಸ್ ಕೊಡೋಕೆ ಕೈಯಲ್ಲಿ ಸ್ವಲ್ಪ ದುಡ್ಡು ಉಳಿಯುತ್ತೆ. ದುಡ್ಡು ಇಲ್ಲ ಅಂತಾನೇ ಎಷ್ಟೋ ಜನ ಖಾಲಿ ಮಾಡದೆ ಕೂತಿರೋದು.

2020ರ ಮಾರ್ಚ್ ನೆನಪಿದೆಯಲ್ಲ? ಲಾಕ್‌ಡೌನ್ ಶುರುವಾದ ಮೇಲೆ ಕೇಂದ್ರ ಗೃಹ ಸಚಿವಾಲಯ 29ನೇ ತಾರೀಖು ಆದೇಶ ಹೊರಡಿಸ್ತು: ಕಾರ್ಮಿಕರ ಹತ್ರ ಒಂದು ತಿಂಗಳು ಬಾಡಿಗೆ ಕೇಳೋ ಹಾಗಿಲ್ಲ, ಕಾರ್ಮಿಕರನ್ನ, ವಿದ್ಯಾರ್ಥಿಗಳನ್ನ ಖಾಲಿ ಮಾಡಿಸಿದ್ರೆ ಕ್ರಮ. ಆಗ ಬಿಟಿಎಂ, ಮಡಿವಾಳದ ಪಿಜಿಗಳು ಖಾಲಿಯಾಗಿ ಗೇಟಲ್ಲೆಲ್ಲ ಟು-ಲೆಟ್ ಬೋರ್ಡ್. ಇರೋರನ್ನ ಅರ್ಧ ಬಾಡಿಗೆಗೆ ಉಳಿಸಿಕೊಂಡ ಓನರ್‌ಗೆ ಅರ್ಧನಾದ್ರೂ ಬಂತು. ಓಡಿಸಿದೋರಿಗೆ ಬೋರ್ಡ್ ಮಾತ್ರ ಉಳೀತು.

ಬೋರ್ಡ್ ಅಂದ್ಮೇಲೆ ನೆನಪಾಯ್ತು. ಖಾಲಿ ಮಾಡೋ ತಾರೀಖು ಗೊತ್ತು ಮಾಡೋವಾಗ ಪಂಚಾಂಗ ನೋಡಿ. ಭಕ್ತಿಗಲ್ಲ, ವ್ಯವಹಾರಕ್ಕೆ. ಆಷಾಢದಲ್ಲಿ ಖಾಲಿ ಮಾಡಿಸಿದ್ರೆ ನಮ್ಮ ಕಡೆ ಎಷ್ಟೋ ಸಂಸಾರಗಳು ಮನೆ ನೋಡೋಕೇ ಬರಲ್ಲ, ಶ್ರಾವಣದವರೆಗೂ ಬೋರ್ಡ್ ನೇತಾಡ್ತಿರುತ್ತೆ. ಮಕ್ಕಳಿರೋ ಮನೆ ಆದ್ರೆ ಪರೀಕ್ಷೆ ಮುಗಿಯೋ ತನಕ ಟೈಮ್ ಕೊಟ್ಟು, ಆ ತಾರೀಖನ್ನ ಒಂದು ಹಾಳೇಲಿ ಬರೆದು ಇಬ್ಬರೂ ಸಹಿ ಹಾಕ್ಕೊಳ್ಳಿ. ಬಾಕಿ ಎಷ್ಟು, ಬಿಟ್ಟಿದ್ದೆಷ್ಟು, ವಾಪಸ್ ಕೊಡೋ ಅಡ್ವಾನ್ಸ್ ಎಷ್ಟು, ಕರೆಂಟ್ ಬಿಲ್ ಯಾರು ಕಟ್ಟೋದು, ಎಲ್ಲ ಅದೇ ಹಾಳೇಲಿ. ಅದರ ಫೋಟೋ ಇಬ್ಬರ ಫೋನಲ್ಲೂ ಇರಲಿ.

ಪೇಂಟಿಂಗ್ ಹೆಸರಲ್ಲಿ ಅಡ್ವಾನ್ಸ್ ಹಿಡ್ಕೊಳ್ಳೋ ಜಗಳ ಮುಂದಿನ ವಾರಕ್ಕೆ ಇಟ್ಕೊಂಡಿದ್ದೀನಿ. ಅದರಲ್ಲಿ ಓನರ್‌ಗಳಿಗೆ ಇಷ್ಟು ಒಳ್ಳೇ ಮಾತು ಇರಲ್ಲ. ನಿಮ್ಮ ಅನುಭವ ಇದ್ರೆ ಎರಡು ನಿಮಿಷದ ವಾಯ್ಸ್ ನೋಟ್ ಕಳಿಸಿ, ಓನರ್ ಹೆಸರು ಮಾತ್ರ ಬೇಡ.