ಚಿನ್ನದ ನಾಣ್ಯ: ತೂಕದ ಬೆಲೆ, ಅಂಗಡಿಯ ಬೆಲೆ

(ಸಂಘದ ಪಾಲಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಭಾಷೆ ಕಲಿಸುವ ಮಾಸ್ತರರಿಗೆ ಚಿನ್ನದ ವಿಷಯ ಯಾಕೆ ಎಂದು ಕೆಲವರು ನಗಬಹುದು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ನಮ್ಮ ಮಕ್ಕಳು ಪಿಯುಸಿ, ನರ್ಸಿಂಗ್, ಡಿ.ಇಡಿ., ಬಿ.ಇಡಿ. ಎಂದು ಹೊರಡುವಾಗ ಮನೆಯಲ್ಲಿ ಮೊದಲು ಕದಲುವುದು ತಾಯಿಯ ಬಳೆ ಅಥವಾ ಸರ. ಅದು ಗಿರವಿಗೆ ಹೋಗುತ್ತದೆ, ಇಲ್ಲವೆ ಮಾರಾಟಕ್ಕೆ ಹೋಗುತ್ತದೆ. ಕೊಳ್ಳುವಾಗ ಕೊಟ್ಟ ಹಣವೆಷ್ಟು, ಮಾರುವಾಗ ಬಂದ ಹಣವೆಷ್ಟು ಎಂಬ ಲೆಕ್ಕ ಮಾತ್ರ ಹೆಚ್ಚಿನ ಮನೆಗಳಲ್ಲಿ ಇರುವುದಿಲ್ಲ. ನನ್ನ ಒಬ್ಬ ವಿದ್ಯಾರ್ಥಿನಿಯ ತಾಯಿ ಮಗಳ ಅಡ್ಮಿಷನ್‌ಗೆಂದು ಎರಡು ತೊಲಿ ಬಳೆ ಒಯ್ದರು. ಅಂಗಡಿಯವರು "ನಗದು ಕೊಡೋದಿಲ್ಲ, ಬೇಕಾದರೆ ಬೇರೆ ಒಡವೆ ತಗೊಳ್ಳಿ" ಎಂದರಂತೆ. ಕಾಲೇಜಿನ ಫೀಸನ್ನು ಒಡವೆಯಲ್ಲಿ ಕಟ್ಟಲು ಬರುವುದಿಲ್ಲವಲ್ಲ! ಆ ದಿನದಿಂದ ಈ ವಿಷಯ ಓದತೊಡಗಿದೆ.

ನಾವು ಹಟ್ಟಿಯ ನೆರೆಯವರು. ನಿಜಾಮರ ರಾಜ್ಯದಲ್ಲಿ 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಸ್ಥಾಪನೆಯಾಯಿತು. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅದೇ ಹಟ್ಟಿ ಚಿನ್ನದ ಗಣಿಯಾಯಿತು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು, ಹಟ್ಟಿ ಉಳಿಯಿತು. ಗುರುಗುಂಟಾದಿಂದ ಅಲ್ಲಿಗೆ ಕೆಲಸಕ್ಕೆ ಹೋದ ಮನೆತನಗಳಿವೆ. ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ ಎಂಬುದು ಅವರಿಗೆ ಗೊತ್ತು. ಆದರೆ ಗಣಿ ಹತ್ತಿರವಿದೆ ಎಂದು ನಮಗೆ ಚಿನ್ನ ಒಂದು ರೂಪಾಯಿಯೂ ಅಗ್ಗವಾಗುವುದಿಲ್ಲ. ಚಿನ್ನದ ಬೆಲೆ ಲಂಡನ್ ಪೇಟೆಯಲ್ಲಿ ಡಾಲರಿನಲ್ಲಿ, ಔನ್ಸ್ ಲೆಕ್ಕದಲ್ಲಿ ನಿಗದಿಯಾಗುತ್ತದೆ. ಈ ಔನ್ಸ್ ಎಂದರೆ 31.1 ಗ್ರಾಂ. ಅದಕ್ಕೆ ರೂಪಾಯಿಯ ವಿನಿಮಯ ದರ, ಆಮದು ಸುಂಕ ಸೇರಿ ಲಿಂಗಸುಗೂರಿನ ಸರಾಫ ಅಂಗಡಿಗೆ ಬರುತ್ತದೆ. 2024ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಮದು ಸುಂಕವನ್ನು ಶೇ. 15ರಿಂದ ಶೇ. 6ಕ್ಕೆ ಇಳಿಸಿದ ದಿನ ನಮ್ಮೂರ ಅಂಗಡಿಯಲ್ಲೂ ದರ ಇಳಿದದ್ದು ಇದೇ ಕಾರಣಕ್ಕೆ.

ಈ ಲೋಹದ ಬೆಲೆಯೇ ತೂಕದ ಬೆಲೆ. ಅಂಗಡಿಯ ಬೆಲೆ ಬೇರೆ. ಎರಡರ ನಡುವಿನ ಅಂತರವೇ ಇಂದಿನ ನನ್ನ ವಿಷಯ.

ಯುರೋಪಿನಲ್ಲಿ ಜನ ಈ ಅಂತರವನ್ನು ಬಹಳ ಕಡಿಮೆ ಮಾಡಿಕೊಂಡಿದ್ದಾರೆ. ಅಲ್ಲಿ ಉಳಿತಾಯಕ್ಕೆ ಚಿನ್ನ ಬೇಕಾದವರು ಒಡವೆ ಮಾಡಿಸುವುದಿಲ್ಲ, ನಾಣ್ಯ ಕೊಳ್ಳುತ್ತಾರೆ. ಇಂಗ್ಲೆಂಡಿನ ಸಾವರಿನ್ 22 ಕ್ಯಾರೆಟ್, 7.99 ಗ್ರಾಂ, ಅದರಲ್ಲಿ ಶುದ್ಧ ಚಿನ್ನ 7.32 ಗ್ರಾಂ. ಫ್ರಾನ್ಸಿನ ಹಳೆಯ 20 ಫ್ರಾಂಕ್ ನಾಣ್ಯದಲ್ಲಿ ಶುದ್ಧ ಚಿನ್ನ 5.81 ಗ್ರಾಂ. ಆಸ್ಟ್ರಿಯಾದವರು 1989ರಿಂದ ವಿಯೆನ್ನಾ ಫಿಲ್ಹಾರ್ಮೋನಿಕ್ ಎಂಬ ಒಂದು ಔನ್ಸಿನ ನಾಣ್ಯ ಟಂಕಿಸುತ್ತಿದ್ದಾರೆ. ವ್ಯಾಪಾರಿ ಪ್ರತಿ ನಾಣ್ಯಕ್ಕೆ ದಿನವೂ ಎರಡು ಬೆಲೆ ಬರೆದು ಹಾಕುತ್ತಾನೆ: ನಾನು ಕೊಡುವ ಬೆಲೆ ಇಷ್ಟು, ಕೊಳ್ಳುವ ಬೆಲೆ ಇಷ್ಟು. ಗಿರಾಕಿ ಎರಡನ್ನೂ ನೋಡಿಯೇ ಒಳಗೆ ಹೋಗುತ್ತಾನೆ.

ಇದಕ್ಕೆ ಕಾನೂನಿನ ಬೆಂಬಲವೂ ಇದೆ. ಯುರೋಪಿಯನ್ ಒಕ್ಕೂಟ 1998ರಲ್ಲಿ ಮಾಡಿದ ನಿಯಮ 2000ದ ಜನವರಿ 1ರಿಂದ ಜಾರಿಗೆ ಬಂತು. ನಾಣ್ಯ 1800ರ ನಂತರ ಟಂಕಿಸಿದ್ದಾಗಿರಬೇಕು, ಸಾವಿರಕ್ಕೆ 900 ಭಾಗವಾದರೂ ಶುದ್ಧವಿರಬೇಕು, ತನ್ನ ದೇಶದಲ್ಲಿ ಚಲಾವಣೆಯ ಹಣವಾಗಿರಬೇಕು ಅಥವಾ ಆಗಿದ್ದಿರಬೇಕು, ಅದರ ಮಾರಾಟದ ಬೆಲೆ ಒಳಗಿನ ಚಿನ್ನದ ಬೆಲೆಗಿಂತ ಸಾಮಾನ್ಯವಾಗಿ ಶೇ. 80ಕ್ಕಿಂತ ಹೆಚ್ಚಾಗಿರಬಾರದು. ಅಂಥ ನಾಣ್ಯಕ್ಕೆ ಮೌಲ್ಯವರ್ಧಿತ ತೆರಿಗೆ ಇಲ್ಲ. ನಮ್ಮಲ್ಲಿ 2017ರ ಜುಲೈಯಿಂದ ನಾಣ್ಯಕ್ಕೂ ಒಡವೆಗೂ ಶೇ. 3 ಜಿ.ಎಸ್.ಟಿ. ಬಂದಿದೆ. ಮಾರುವಾಗ ಆ ಮೂರು ರೂಪಾಯಿ ನಮಗೆ ಮರಳುವುದಿಲ್ಲ.

ನಾಣ್ಯದ ವ್ಯವಹಾರ ನಮಗೆ ಹೊಸದೇನಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ವಿಜಯನಗರದ ವರಹ ಸುಮಾರು ಮೂರೂವರೆ ಗ್ರಾಂ ಚಿನ್ನ. ಖಲೀಫಾ ಅಬ್ದುಲ್ ಮಲಿಕ್ ಹಿಜರಿ 77ರಲ್ಲಿ ಹೊರಡಿಸಿದ ದೀನಾರ್ 4.25 ಗ್ರಾಂ. ನಿಜಾಮರ ಅಶ್ರಫಿ ಸುಮಾರು 11 ಗ್ರಾಂ. ಅದರ ಅರ್ಧ, ಕಾಲು, ಅರೆಕಾಲು ನಾಣ್ಯಗಳೂ ಇದ್ದವು, ಮೇಲೆ ಚಾರ್‌ಮಿನಾರ್ ಚಿತ್ರ. ದಕ್ಷಿಣದಲ್ಲಿ ಇಂದಿಗೂ ಎಂಟು ಗ್ರಾಮಿಗೆ 'ಪವನ್', 'ಸವರನ್' ಎನ್ನುವುದು ಇದೇ ಸಾವರಿನ್‌ನಿಂದ ಬಂದದ್ದು. 1918ರಲ್ಲಿ ಮುಂಬಯಿಯ ಟಂಕಸಾಲೆಯಲ್ಲೇ ಸಾವರಿನ್ ಟಂಕಿಸಿದರು, ಗುರುತಿಗೆ 'ಐ' ಅಕ್ಷರ ಹಾಕಿದರು. ಮುಂದೆ 1968ರ ಚಿನ್ನ ನಿಯಂತ್ರಣ ಕಾಯ್ದೆ ಬಂದು ಜನ ಗಟ್ಟಿ ಚಿನ್ನ ಇಟ್ಟುಕೊಳ್ಳುವಂತಿಲ್ಲ ಎಂದಾಯಿತು, ನಾಣ್ಯಕ್ಕೂ ಮಿತಿ ಬಂತು. 1990ರವರೆಗೆ ಆ ಕಾಯ್ದೆ ಇತ್ತು. ಅಷ್ಟೂ ವರ್ಷ ಉಳಿತಾಯಕ್ಕೆ ಉಳಿದ ದಾರಿ ಒಡವೆ ಒಂದೇ. 'ಚಿನ್ನ ಅಂದರೆ ಒಡವೆ' ಎಂಬ ನಮ್ಮ ಹಿರಿಯರ ಅಭ್ಯಾಸಕ್ಕೆ ಇದೂ ಒಂದು ಕಾರಣವೆಂದು ನನಗನಿಸುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಸುಲಭವಾಗಲೆಂದು ಶುದ್ಧ ಚಿನ್ನ ಗ್ರಾಮಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ಇಂದಿನ ದರವನ್ನು ನಾನು ಹೇಳುತ್ತಿಲ್ಲ. ಶೇಕಡಾ ಲೆಕ್ಕವೂ ಊಹೆಯದು, ಅಂಗಡಿಯಿಂದ ಅಂಗಡಿಗೆ ಬೇರೆಯಾಗುತ್ತದೆ.

ಎಂಟು ಗ್ರಾಮಿನ 24 ಕ್ಯಾರೆಟ್ ನಾಣ್ಯ. ಲೋಹದ ಬೆಲೆ 80,000. ಟಂಕಿಸಿದ ಖರ್ಚು ಮತ್ತು ಅಂಗಡಿಯ ಲಾಭ ಶೇ. 4 ಎಂದರೆ 3,200. ಒಟ್ಟು 83,200ರ ಮೇಲೆ ಜಿ.ಎಸ್.ಟಿ. 2,496. ನಾವು ಕೊಡುವುದು 85,696. ದರ ಬದಲಾಗದೆ ಮರುದಿನವೇ ಮಾರಿದರೆ, ಕೊಳ್ಳುವವನು ಶೇ. 2 ಕಳೆದರೆ, ಕೈಗೆ 78,400. ಹೋದದ್ದು 7,296.

ಅಷ್ಟೇ ತೂಕದ 22 ಕ್ಯಾರೆಟ್ ಸರ. ಗ್ರಾಮಿಗೆ 9,160ರಂತೆ 73,280. ಮಜೂರಿ, ವೇಸ್ಟೇಜ್ ಸೇರಿ ಶೇ. 15 ಎಂದರೆ 10,992. ಅದರ ಮೇಲೆ ಜಿ.ಎಸ್.ಟಿ. 2,528. ಒಟ್ಟು 86,800. ಮಾರುವಾಗ ಶೇ. 5 ಕಳೆದರೆ 69,616. ಹೋದದ್ದು 17,184. ಹರಳು ಇದ್ದರೆ, ಕೊಳ್ಳುವಾಗ ಅದನ್ನೂ ಚಿನ್ನದ ಜೊತೆ ತೂಗಿದ್ದರೆ, ಇನ್ನೂ ಹೆಚ್ಚು.

ಮಗಳು ತೊಟ್ಟು ಸಂತೋಷಪಡುವ ಒಡವೆಗೆ ಮಜೂರಿ ಕೊಡುವುದು ತಪ್ಪೆಂದು ನಾನು ಹೇಳುವುದಿಲ್ಲ. ಅದು ಪತ್ತಾರನ ಕೈಕೆಲಸದ ಕೂಲಿ, ನ್ಯಾಯವಾದದ್ದು. ಆದರೆ ಐದು ವರ್ಷದ ನಂತರದ ಕಾಲೇಜು ಫೀಸಿಗೆಂದು ಇಡುವ ಚಿನ್ನಕ್ಕೆ ಯಾಕೆ ಆ ಕೂಲಿ? ಡಬ್ಬಿಯಲ್ಲಿ ಕೂರುವ ಚಿನ್ನಕ್ಕೆ ನಕಾಶೆ ಬೇಕಿಲ್ಲ.

ನಾಣ್ಯದಲ್ಲೂ ಎಚ್ಚರ ಬೇಕು. ಬ್ಯಾಂಕಿನ ಹೆಸರು ನೋಡಿ ನಾಣ್ಯ ಕೊಂಡವರು ಅನೇಕರಿದ್ದಾರೆ. ಬ್ಯಾಂಕ್ ನಾಣ್ಯ ಮಾರುತ್ತದೆ, ಮರಳಿ ಕೊಳ್ಳುವುದಿಲ್ಲ. ಮಾರಲು ಕೊನೆಗೆ ಸರಾಫನ ಬಳಿಗೇ ಹೋಗಬೇಕು. ಕೇಂದ್ರ ಸರ್ಕಾರ 2015ರ ನವೆಂಬರ್ 5ರಂದು ಒಂದು ಕಡೆ ಅಶೋಕ ಚಕ್ರ, ಇನ್ನೊಂದು ಕಡೆ ಗಾಂಧೀಜಿಯ ಚಿತ್ರವಿರುವ 5 ಮತ್ತು 10 ಗ್ರಾಮಿನ ಭಾರತೀಯ ಚಿನ್ನದ ನಾಣ್ಯ ಹೊರತಂದಿತು. ಅದು 24 ಕ್ಯಾರೆಟ್, ಹಾಲ್‌ಮಾರ್ಕ್ ಇರುವಂಥದು. ಯಾವ ನಾಣ್ಯವೇ ಆಗಲಿ, ಕೊಳ್ಳುವ ಮೊದಲು ಅಂಗಡಿಯಲ್ಲಿ ಒಂದೇ ಪ್ರಶ್ನೆ ಕೇಳಿ: "ಇದನ್ನೇ ನಾಳೆ ತಂದರೆ ನಗದು ಎಷ್ಟು ಕೊಡುತ್ತೀರಿ?" ಉತ್ತರವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಮುಂದಿನ ಅಂಗಡಿ ಇದೆ. ಬಿಲ್ಲನ್ನು ನಾಣ್ಯದಷ್ಟೇ ಜೋಪಾನ ಮಾಡಿ, ಪ್ಯಾಕೆಟ್ ಒಡೆಯಬೇಡಿ. ಸರಕ್ಕೆ ಪೋಣಿಸಲು ಕೊಂಡಿ ಬೆಸೆಯಲಂತೂ ಬೇಡ. ಬೆಸುಗೆ ಬಿದ್ದ ನಾಣ್ಯ ನಾಣ್ಯವಾಗಿ ಉಳಿಯುವುದಿಲ್ಲ, ಕರಗಿಸುವ ಚಿನ್ನವಾಗುತ್ತದೆ. ಯುರೋಪಿನ ವ್ಯಾಪಾರಿಯೂ ಅದಕ್ಕೆ ಕಡಿಮೆಯೇ ಕೊಡುತ್ತಾನೆ.

ಕೊಲ್ಲಿ ದೇಶಗಳಿಂದ ಬರುವವರಿಗೊಂದು ಮಾತು. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬರುವವರಿಗೆ ಸುಂಕವಿಲ್ಲದೆ ತರಲು ಕೊಟ್ಟಿರುವ ರಿಯಾಯಿತಿ ಒಡವೆಗೆ ಮಾತ್ರ. ನಾಣ್ಯಕ್ಕೆ, ಬಿಸ್ಕತ್ತಿಗೆ ಇಲ್ಲ. ಅಂಥದ್ದು ತಂದರೆ ವಿಮಾನ ನಿಲ್ದಾಣದಲ್ಲಿ ತಾವಾಗಿಯೇ ತೋರಿಸಿ ಸುಂಕ ಕಟ್ಟಬೇಕು.

ಇನ್ನೊಂದು ಅಪಾಯವಿದೆ. ದಾವಣಗೆರೆ, ಬಳ್ಳಾರಿ ಸೀಮೆಯಿಂದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಸುದ್ದಿ: "ಮನೆಯ ಪಾಯ ಅಗೆಯುವಾಗ ಚಿನ್ನದ ನಾಣ್ಯ ಸಿಕ್ಕಿವೆ, ಅರ್ಧ ಬೆಲೆಗೆ ಕೊಡುತ್ತೇವೆ" ಎಂದು ಫೋನ್ ಬರುತ್ತದೆ. ಮೊದಲು ಒಂದೆರಡು ನಿಜವಾದ ನಾಣ್ಯ ಕೊಟ್ಟು ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ಹಣ ತಂದ ದಿನ ಕೈಗೆ ಬರುವುದು ಹಿತ್ತಾಳೆಯ ಗಂಟು. ನೆಲದಲ್ಲಿ ನಿಧಿ ನಿಜವಾಗಿ ಸಿಕ್ಕಿದ್ದರೂ ಕಾನೂನಿನಂತೆ ಸರ್ಕಾರಕ್ಕೆ ತಿಳಿಸಬೇಕು. ಗುಟ್ಟಾಗಿ ಮಾರುವವನೂ ಕೊಳ್ಳುವವನೂ ತಪ್ಪಿತಸ್ಥರೆ.

ಮಕ್ಕಳೆ, ನಿಮ್ಮ ವಿಜ್ಞಾನದ ಪುಸ್ತಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಶುದ್ಧ ಚಿನ್ನದ ಸಾಂದ್ರತೆ 19.3, ಹಿತ್ತಾಳೆಯದು ಎಂಟೂವರೆಯ ಆಸುಪಾಸು. ಎಂಟು ಗ್ರಾಮಿನ ಚಿನ್ನದ ನಾಣ್ಯವನ್ನು ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರೆ ಸುಮಾರು 0.41 ಗ್ರಾಂ ಕಡಿಮೆಯಾಗುತ್ತದೆ. ಅಷ್ಟೇ ತೂಕದ ಹಿತ್ತಾಳೆ ಸುಮಾರು 0.94 ಗ್ರಾಂ ಕಳೆದುಕೊಳ್ಳುತ್ತದೆ. ಟಂಗ್‌ಸ್ಟನ್ ಎಂಬ ಲೋಹ ಮಾತ್ರ ಚಿನ್ನದಷ್ಟೇ ಭಾರ. ಅದನ್ನು ಒಳಗಿಟ್ಟು ಮೋಸ ಮಾಡಿದರೆ ಈ ಪರೀಕ್ಷೆ ಸಾಲದು, ಯಂತ್ರವಿರುವ ಹಾಲ್‌ಮಾರ್ಕ್ ಕೇಂದ್ರಕ್ಕೆ ಹೋಗಬೇಕು.

ಹಿರಿಯರ ಪೆಟ್ಟಿಗೆಯಲ್ಲಿ ಅಶ್ರಫಿಯೊ ಗಿನ್ನಿಯೊ ಇದ್ದರೆ ತೂಕಕ್ಕೆ ಹಾಕಿ ಕರಗಿಸಲು ಕೊಡಬೇಡಿ. ಹಳೆಯ ನಾಣ್ಯಕ್ಕೆ ಕೆಲವೊಮ್ಮೆ ತೂಕಕ್ಕಿಂತ ಹೆಚ್ಚು ಬೆಲೆ ಇರುತ್ತದೆ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತದೆ, ಅದನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ.

ಶರೀಅತ್ತಿನ ಎರಡು ವಿಷಯ ಹೇಳಿ ಮುಗಿಸುತ್ತೇನೆ. ನಾನು ಆಲಿಮ್ ಅಲ್ಲ, ಉಲಮಾಗಳಿಂದ ಕೇಳಿ ತಿಳಿದದ್ದನ್ನು ಹೇಳುತ್ತಿದ್ದೇನೆ. ಝಕಾತಿಗೆ ಚಿನ್ನದ ನಿಸಾಬ್ ಏಳೂವರೆ ತೊಲಿ, ಅಂದರೆ 87.48 ಗ್ರಾಂ. ಇದು ಹಳೆಯ ತೊಲಿ, 11.66 ಗ್ರಾಮಿನದು. ಇಂದು ಅಂಗಡಿಯವರು ತೊಲಿ ಎಂದರೆ ಹತ್ತು ಗ್ರಾಂ ಎನ್ನುತ್ತಾರೆ. ಆ ತೊಲಿಯಲ್ಲಿ ಏಳೂವರೆ ಎಣಿಸಿದರೆ ಲೆಕ್ಕ 75 ಗ್ರಾಮಿಗೇ ನಿಲ್ಲುತ್ತದೆ. ಹನಫಿ ಮಸ್ಲಕಿನಲ್ಲಿ ತೊಡುವ ಒಡವೆಗೂ ಝಕಾತ್ ಇದೆ, ನಾಣ್ಯಕ್ಕೂ ಇದೆ. ಕೊಡುವ ದಿನದ ಲೋಹದ ಬೆಲೆ ಹಿಡಿದು ಶೇ. 2.5 ತೆಗೆಯಬೇಕು, ಕೊಂಡಾಗ ಕೊಟ್ಟ ಮಜೂರಿ ಆ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯದು ಹಳೆಯ ಒಡವೆ ಕೊಟ್ಟು ಹೊಸದು ತರುವ ವ್ಯವಹಾರ. ಚಿನ್ನಕ್ಕೆ ಚಿನ್ನ ಕೊಡುವಾಗ ತೂಕ ಸಮವಿರಬೇಕು, ಕೈಯಿಂದ ಕೈಗೆ ಆಗಬೇಕು ಎಂಬುದು ಪ್ರವಾದಿಯವರ ಸ್ಪಷ್ಟ ಬೋಧನೆ. ಹತ್ತು ಗ್ರಾಂ ಹಳೆಯದು ಕೊಟ್ಟು ಎಂಟು ಗ್ರಾಂ ಹೊಸದು ತರುವುದು ಈ ನಿಯಮಕ್ಕೆ ಹೊಂದುವುದಿಲ್ಲ. ಉಲಮಾಗಳು ತೋರಿಸುವ ದಾರಿ ಸರಳ: ಹಳೆಯದನ್ನು ಮಾರಿ ಹಣ ಕೈಗೆ ತೆಗೆದುಕೊಳ್ಳಿ, ಆಮೇಲೆ ಆ ಹಣದಿಂದ ಬೇಕಾದದ್ದು ಕೊಳ್ಳಿ. ಇದರಲ್ಲಿ ದುನಿಯಾದ ಲಾಭವೂ ಇದೆ. ಹಣ ಕೈಗೆ ಬಂದಾಗಲೇ ಹಳೆಯದಕ್ಕೆ ಎಷ್ಟು ಕಟ್ಟಿದರು ಎಂಬುದು ಕಣ್ಣಿಗೆ ಕಾಣುತ್ತದೆ. ಅದಲುಬದಲಿನಲ್ಲಿ ಅದು ಮಜೂರಿ, ವೇಸ್ಟೇಜುಗಳ ನಡುವೆ ಮುಚ್ಚಿಹೋಗುತ್ತದೆ.

ನಿಕಾಹ್ ಸಮಯದಲ್ಲಿ ಮಹರ್ ಬರೆಸುವ ಹಿರಿಯರಿಗೂ ಒಂದು ವಿನಂತಿ. ರೂಪಾಯಿಯಲ್ಲಿ ಬರೆಸಿದ ಮಹರ್ ಹತ್ತು ವರ್ಷದಲ್ಲಿ ಕರಗಿಹೋಗುತ್ತದೆ. 'ಇಷ್ಟು ಗ್ರಾಮಿನ, 24 ಕ್ಯಾರೆಟ್ ಚಿನ್ನದ ನಾಣ್ಯ' ಎಂದು ತೂಕ, ಶುದ್ಧತೆ ಎರಡನ್ನೂ ನಿಕಾಹ್‌ನಾಮಾದಲ್ಲಿ ಬರೆಸಿ, ಅಂದೇ ಹುಡುಗಿಯ ಕೈಗೆ ಕೊಡಿಸಿ, ಬಿಲ್ಲನ್ನು ಅವಳ ಹೆಸರಿನಲ್ಲೇ ಮಾಡಿಸಿ.