ರಾಜ್ಯದ ಕಣ್ಣೂ ಪ್ರಜೆಯ ಬಾಗಿಲೂ



ಪ್ರಜೆಗಳ ಮೇಲೆ ಕಣ್ಣಿಡುವುದಕ್ಕೆ ಎಡೆಗೊಡುವ ಕಾಯಿದೆಯನ್ನು ಆ ಪ್ರಜೆಗಳೇ ತಡೆಯಬಲ್ಲರೇ ಎಂಬುದು ಈ ಹೊತ್ತಿನ ವಿಷಯ. ಮಠದ ಉತ್ಸವದಲ್ಲಿ ಕಾಯಿದೆಯ ಮಾತೇಕೆಂದು ಕೆಲವರು ಶಂಕಿಸಬಹುದು. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತಿ ಅಕ್ಕಿ ತರುವವರಿಗೆ ಇದು ದೂರದ ಮಾತಲ್ಲ. ತಡೆಯಬಲ್ಲರೆಂದೇ ನಾನು ಹೇಳುವೆನು. ಆದರೆ ತಡೆದುದು ತಡೆದಂತೆಯೇ ನಿಲ್ಲುವುದೆಂದು ಹೇಳಲಾರೆನು.

ಅಂಚೆಯ ಕಾಗದಗಳನ್ನು ತಡೆದು ನೋಡುವ ಅಧಿಕಾರವನ್ನು ವಿಸ್ತರಿಸುವ ಮಸೂದೆಯೊಂದನ್ನು 1986ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿತು. ಅದಕ್ಕೆ ಬಲವಾದ ವಿರೋಧವೆದ್ದಿತು. ರಾಷ್ಟ್ರಪತಿ ಜೈಲ್ ಸಿಂಗರು ಅಂಕಿತ ಹಾಕಲೇ ಇಲ್ಲ. ಮಸೂದೆಯು ಅಲ್ಲಿಯೇ ಉಳಿಯಿತು. ಆದರೆ 2023ರ ಅಂಚೆ ಕಾಯಿದೆಯಲ್ಲಿ ಕಾಗದ ತಡೆಯುವ ಅಧಿಕಾರವು ಮತ್ತೆ ವಿಶಾಲವಾಗಿಯೇ ಕಾಣಿಸಿಕೊಂಡಿತು. ಕಾಗದ ಬರೆಯುವವರೇ ವಿರಳವಾದ ಕಾಲದಲ್ಲಿ ಅದರ ಚಿಂತೆ ಎಷ್ಟು ಮಂದಿಗೆ?

ಇನ್ನು ನಮ್ಮ ನಾಡಿನವರದೇ ಸಂಗತಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿಯನ್ನು ಸಲ್ಲಿಸಿದರು. ಬೆರಳಚ್ಚನ್ನೂ ಕಣ್ಣಿನ ಗುರುತನ್ನೂ ಪಡೆಯುವ ಆ ಯೋಜನೆಗೆ ಆಗ ಶಾಸನದ ಆಧಾರವೇ ಇರಲಿಲ್ಲ. ಶಾಸನವು ಬಂದುದು 2016ರಲ್ಲಿ. ಮೈಸೂರಿನ ನಿವೃತ್ತ ಸೇನಾಧಿಕಾರಿ ವೊಂಬತ್ಕೆರೆಯವರೂ ಅರುಣಾ ರಾಯ್ ಮೊದಲಾದವರೂ ಬೇರೆ ಅರ್ಜಿಗಳೊಡನೆ ಬಂದರು. ಖಾಸಗಿ ಬದುಕಿನ ಹಕ್ಕೆಂಬುದು ಸಂವಿಧಾನದಲ್ಲಿ ಇಲ್ಲವೆಂದು ಸರಕಾರವು ವಾದಿಸಿತು. ಅದಕ್ಕೆ ಆಸರೆಯಾದುದು 1954ರಲ್ಲಿ 8 ಮಂದಿ ನ್ಯಾಯಾಧೀಶರು ಕೊಟ್ಟಿದ್ದ ತೀರ್ಪು. ಆದುದರಿಂದಲೇ 9 ಮಂದಿಯ ಪೀಠವು ಕೂಡಬೇಕಾಯಿತು. 2017ರ ಆಗಸ್ಟ್ 24ರಂದು ಅವರೆಲ್ಲರೂ ಒಮ್ಮತದಿಂದ ಅದು ಮೂಲಭೂತ ಹಕ್ಕೆಂದು ಸಾರಿದರು.

ಆದರೂ ಆಧಾರ್ ನಿಲ್ಲಲಿಲ್ಲ. 2018ರ ಸೆಪ್ಟೆಂಬರ್ 26ರಂದು ಐವರಲ್ಲಿ ನಾಲ್ವರು ಕಾಯಿದೆಯನ್ನು ಬಹುಮಟ್ಟಿಗೆ ಎತ್ತಿಹಿಡಿದರು. ಸರಕಾರದ ಸಹಾಯಧನಕ್ಕೂ ತೆರಿಗೆಗೂ ಅದು ಉಳಿಯಿತು. ಬ್ಯಾಂಕು, ಮೊಬೈಲುಗಳಿಗೆ ಅದನ್ನು ಕಡ್ಡಾಯಮಾಡುವುದು ರದ್ದಾಯಿತು. ಮರುವರ್ಷವೇ ತಿದ್ದುಪಡಿಯೊಂದು ಬಂದು, ಗ್ರಾಹಕನು ಒಪ್ಪಿದರೆ ಅವರೂ ಬಳಸಬಹುದೆಂದಿತು. ಕೌಂಟರಿನ ಮುಂದೆ ನಿಂತವನ ಒಪ್ಪಿಗೆಯು ಎಂತಹುದೆಂಬುದನ್ನು ತಾವೇ ಬಲ್ಲಿರಿ.

ಹಾಗಾದರೆ ಆ ವೃದ್ಧರು ಗೆದ್ದರೇ, ಸೋತರೇ? ಅರ್ಜಿಯು ಕೇಳಿದ್ದೆಲ್ಲವೂ ಸಿಕ್ಕಲಿಲ್ಲ. ಆದರೆ ಖಾಸಗಿ ಬದುಕಿಗೆ ಕೈಹಾಕುವ ಸರಕಾರವು ಅದಕ್ಕೆ ಶಾಸನವನ್ನೂ ನ್ಯಾಯವಾದ ಉದ್ದೇಶವನ್ನೂ ತೋರಿಸಬೇಕು, ಮಿತಿ ಮೀರಿಲ್ಲವೆಂದು ಸಮರ್ಥಿಸಬೇಕು ಎಂಬ ಕಟ್ಟು ಉಳಿಯಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಇಂತಹ ವಿಷಯಗಳಲ್ಲಿ ನ್ಯಾಯಾಲಯದ ಮೆಟ್ಟಿಲೇರುವವರು ಅವರ ಹೆಸರಿನ ತೀರ್ಪನ್ನೇ ಕೈಯಲ್ಲಿ ಹಿಡಿದು ಹೋಗುತ್ತಿರುವರು.